ಭದ್ರತಾ ಮಂಡಳಿಯ ಐವರಿಗೆ: 26ನೇ ವಿಧಿಯನ್ನು ತೆರೆಯಿರಿ

ಭದ್ರತಾ ಮಂಡಳಿಯ ಕಾಯಂ ಸದಸ್ಯರಾದ ಅಮೆರಿಕ, ರಷ್ಯಾ, ಚೀನಾ, ಬ್ರಿಟನ್ ಮತ್ತು ಫ್ರಾನ್ಸ್ ಸರ್ಕಾರಗಳ ಮುಖ್ಯಸ್ಥರಿಗೆ ಕರ್ನಾಟಕದ ಒಬ್ಬ ಪ್ರಜೆಯ ನಮಸ್ಕಾರಗಳು.

ವಿಶ್ವಸಂಸ್ಥೆಯ ಸನ್ನದು ನಿಮಗೆ ಒಂದು ಕೆಲಸ ಒಪ್ಪಿಸಿದೆ. ಅದು ಇರುವುದು 26ನೇ ವಿಧಿಯಲ್ಲಿ. ಜಗತ್ತಿನ ಜನಬಲ, ಧನಬಲಗಳು ಶಸ್ತ್ರಾಸ್ತ್ರಗಳಿಗೆ ಆದಷ್ಟು ಕಡಿಮೆ ಹರಿದುಹೋಗಬೇಕು. ಅದಕ್ಕಾಗಿ ಶಸ್ತ್ರಾಸ್ತ್ರ ನಿಯಂತ್ರಣದ ಯೋಜನೆಯನ್ನು ಭದ್ರತಾ ಮಂಡಳಿ ರೂಪಿಸಿ ಸದಸ್ಯ ರಾಷ್ಟ್ರಗಳ ಮುಂದಿಡಬೇಕು ಎನ್ನುತ್ತದೆ ಆ ವಿಧಿ. ನೆರವಿಗೆಂದು ನಿಮ್ಮ ಐದೂ ದೇಶಗಳ ಸೇನಾ ಮುಖ್ಯಸ್ಥರ ಸಮಿತಿಯನ್ನೂ ಸನ್ನದೇ ಕೊಟ್ಟಿತು. ಸಮಿತಿ ಇಂದಿಗೂ ಇದೆ. ಯೋಜನೆ ಮಾತ್ರ ಎಂಬತ್ತು ವರ್ಷವಾದರೂ ಬಂದಿಲ್ಲ.

1945ರ ಜೂನ್ 26ರಂದು ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಭಾರತದ ಪರವಾಗಿ ಈ ಸನ್ನದಿಗೆ ಸಹಿ ಹಾಕಿದವರಲ್ಲಿ ಒಬ್ಬರು ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್. ಮರುವರ್ಷ ಅವರು ಮೈಸೂರು ಸಂಸ್ಥಾನದ ದಿವಾನರಾದರು. ನಮಗಿನ್ನೂ ಸ್ವಾತಂತ್ರ್ಯ ಬಂದಿರಲಿಲ್ಲ. ಆದರೂ ಸಹಿ ಮಾಡಿದವರ ಸಾಲಿನಲ್ಲಿ ನಾವಿದ್ದೆವು. ಆ ಕಾಗದದಲ್ಲಿ ಬರೆದದ್ದು ಏನಾಯಿತೆಂದು ಕೇಳುವ ಹಕ್ಕು ನನಗಿದೆ ಎಂದುಕೊಂಡೇ ಬರೆಯುತ್ತಿದ್ದೇನೆ.

ಸ್ಟಾಕ್‌ಹೋಮ್‌ನ ಶಾಂತಿ ಸಂಶೋಧನಾ ಸಂಸ್ಥೆ 'ಸಿಪ್ರಿ'ಯ ಲೆಕ್ಕದಂತೆ 2024ರಲ್ಲಿ ಜಗತ್ತು ಸೇನೆಗಳ ಮೇಲೆ ಮಾಡಿದ ಖರ್ಚು ಸುಮಾರು 2.7 ಲಕ್ಷ ಕೋಟಿ ಡಾಲರ್. ಒಂದೇ ವರ್ಷದಲ್ಲಿ ಶೇ 9.4ರಷ್ಟು ಏರಿಕೆ; ಶೀತಲ ಸಮರ ಮುಗಿದ ಮೇಲೆ ಇಷ್ಟು ಕಡಿದಾದ ಏರಿಕೆ ಆಗಿರಲಿಲ್ಲ. ಅಮೆರಿಕ ಒಂದೇ 99,700 ಕೋಟಿ ಡಾಲರ್ ಸುರಿಯಿತು. ನಿಮ್ಮ ಐವರ ಖರ್ಚು ಕೂಡಿಸಿದರೆ ಇಡೀ ಜಗತ್ತಿನ ಖರ್ಚಿನ ಅರ್ಧಕ್ಕಿಂತ ಹೆಚ್ಚಾಗುತ್ತದೆ. 2020ರಿಂದ 2024ರವರೆಗೆ ದೇಶದಿಂದ ದೇಶಕ್ಕೆ ಸಾಗಿದ ದೊಡ್ಡ ಶಸ್ತ್ರಾಸ್ತ್ರಗಳಲ್ಲಿ ಸುಮಾರು ಶೇ 70 ಹೋದದ್ದೂ ನಿಮ್ಮ ಐದು ದೇಶಗಳಿಂದಲೇ. ನಿಯಂತ್ರಿಸಬೇಕಾದವರೇ ದೊಡ್ಡ ಖರ್ಚುಗಾರರು, ಅವರೇ ದೊಡ್ಡ ಮಾರಾಟಗಾರರು. ಬೇಲಿಯೇ ಎದ್ದು ಹೊಲ ಮೇಯುತ್ತಿದೆ ಎಂದು ನಮ್ಮೂರ ಕಡೆ ಇದಕ್ಕೇ ಹೇಳುವುದು.

ಇನ್ನೊಂದು ಲೆಕ್ಕವಿದೆ, ನನ್ನನ್ನು ಹೆಚ್ಚು ಕಾಡಿದ್ದು ಅದೇ. ವಿಶ್ವಸಂಸ್ಥೆಯ 2025ರ ಸಾಮಾನ್ಯ ಬಜೆಟ್ 372 ಕೋಟಿ ಡಾಲರ್. ಜಗತ್ತಿನ ಸೇನಾ ಖರ್ಚು ದಿನಕ್ಕೆ 740 ಕೋಟಿ ಡಾಲರ್ ಮೀರುತ್ತದೆ. ಯುದ್ಧ ತಡೆಯಲೆಂದೇ ಹುಟ್ಟಿದ ಸಂಸ್ಥೆಯ ವರ್ಷದ ಖರ್ಚು ಯುದ್ಧ ಸಿದ್ಧತೆಯ ಅರ್ಧ ದಿನದ ಖರ್ಚಿನಷ್ಟೇ. ಅದಕ್ಕೂ ಸದಸ್ಯರ ಬಾಕಿ ಬರದೆ ಕೈ ಕಟ್ಟಿದಂತಾಗಿದೆ.

ಶಸ್ತ್ರ ಪೇರಿಸುವ ದೇಶಗಳ ಭಯ ಸುಳ್ಳೆಂದು ನಾನು ಹೇಳುವುದಿಲ್ಲ. 1994ರಲ್ಲಿ ಬುಡಾಪೆಸ್ಟ್‌ನಲ್ಲಿ ಅಮೆರಿಕ, ಬ್ರಿಟನ್, ರಷ್ಯಾ ಮೂವರೂ ಉಕ್ರೇನಿನ ಗಡಿಗಳನ್ನು ಗೌರವಿಸುವ ಭರವಸೆ ಬರೆದುಕೊಟ್ಟರು. ಆ ದೇಶ ತನ್ನ ನೆಲದ ಮೇಲಿದ್ದ ಅಣ್ವಸ್ತ್ರಗಳನ್ನು ಒಪ್ಪಿಸಿತು. ಮುಂದೇನಾಯಿತು? 2022ರ ಜನವರಿ 3ರಂದು ನೀವು ಐವರೂ ಸೇರಿ, ಅಣುಯುದ್ಧದಲ್ಲಿ ಗೆಲುವೆಂಬುದಿಲ್ಲ, ಅದನ್ನು ಎಂದೂ ಹೂಡಬಾರದು ಎಂಬ ಹೇಳಿಕೆ ಹೊರಡಿಸಿದಿರಿ. ಫೆಬ್ರುವರಿ 24ಕ್ಕೆ ರಷ್ಯಾದ ಪಡೆಗಳು ಉಕ್ರೇನಿಗೆ ನುಗ್ಗಿದವು. ಮರುದಿನ ಮಂಡಳಿಯ ನಿರ್ಣಯಕ್ಕೆ ರಷ್ಯಾ ವೀಟೊ ಹಾಕಿತು. ಅದಾದ ಕೆಲವೇ ದಿನಗಳಲ್ಲಿ ಖಾರ್ಕಿವ್‌ನಲ್ಲಿ ದಿನಸಿ ತರಲು ಹೊರಗೆ ಹೋಗಿದ್ದ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಶೆಲ್ ದಾಳಿಗೆ ಸಿಕ್ಕಿ ಸತ್ತ. ಅವನು ಡಾಕ್ಟರಾಗಿ ಊರಿಗೆ ಬರಬೇಕಿತ್ತು. ದೂರದ ದೊಡ್ಡವರ ಜಗಳ ನಮ್ಮ ಮನೆ ಬಾಗಿಲಿಗೆ ಬರುವುದು ಹೀಗೆ.

ಆದ್ದರಿಂದ ಸಣ್ಣ ದೇಶಗಳು ಕೋವಿ ಕೆಳಗಿಡಲಿ ಎಂದು ನಾನು ಕೇಳಲಾರೆ. ಚೀನಾ ಗಡಿಯ ಗಲ್ವಾನ್ ಕಣಿವೆಯ ಘರ್ಷಣೆ ಕಂಡ ನನ್ನ ದೇಶಕ್ಕೂ ಹಾಗೆ ಹೇಳಲಾರೆ. 2024ರ ಸೇನಾ ಖರ್ಚಿನಲ್ಲಿ ಭಾರತ ಐದನೆಯದು, 2020ರಿಂದ 2024ರ ಅವಧಿಯಲ್ಲಿ ಹೊರದೇಶಗಳಿಂದ ಶಸ್ತ್ರ ಕೊಳ್ಳುವುದರಲ್ಲಿ ಉಕ್ರೇನಿನ ನಂತರ ಎರಡನೆಯದು. 2025ರ ಫೆಬ್ರುವರಿಯಲ್ಲಿ ಯಲಹಂಕದ ಏರೋ ಇಂಡಿಯಾಕ್ಕೆ ಅಮೆರಿಕದ ಎಫ್-35, ರಷ್ಯಾದ ಸು-57 ಎರಡೂ ಬಂದವು. ಜನ ಕತ್ತೆತ್ತಿ ನೋಡಿ ಚಪ್ಪಾಳೆ ತಟ್ಟಿದರು. ನಾವೂ ಈ ಸಂತೆಯ ಗಿರಾಕಿಗಳೇ. ಆದರೆ ಸಂತೆಯ ಧಾರಣೆ ನಿಗದಿ ಮಾಡುವವರು ನೀವು.

ಸಿದ್ಧತೆಗೆ ಕೊನೆಯೆಲ್ಲಿ ಎಂದು ನಿಮ್ಮ ಸೇನಾನಿಗಳನ್ನೇ ಕೇಳಿ ನೋಡಿ. ತೈವಾನಿಗಾಗಿ ಅಮೆರಿಕ ಮತ್ತು ಚೀನಾ ಕಾದಾಡಿದರೆ ಏನಾಗಬಹುದೆಂದು ವಾಷಿಂಗ್ಟನ್ನಿನ ಸಿಎಸ್ಐಎಸ್ ಎಂಬ ಸಂಶೋಧನಾ ಸಂಸ್ಥೆ 24 ಸಲ ಅಣಕು ಯುದ್ಧ ಆಡಿಸಿ 2023ರ ಜನವರಿಯಲ್ಲಿ ವರದಿ ಕೊಟ್ಟಿತು. ಹೆಚ್ಚಿನ ಆಟಗಳಲ್ಲಿ ಚೀನಾದ ಆಕ್ರಮಣ ಸೋತಿತು. ಆದರೆ ಅಮೆರಿಕದ ವಿಮಾನವಾಹಕ ನೌಕೆಗಳೂ ಮುಳುಗಿದವು, ಎರಡೂ ಕಡೆ ಸಾವಿರಾರು ಜನ ಸತ್ತರು, ತೈವಾನ್ ಜರ್ಜರಿತವಾಯಿತು. ಹಡಗು ಹೊಡೆಯುವ ದೂರವ್ಯಾಪ್ತಿಯ ಕ್ಷಿಪಣಿಗಳು ಮೊದಲ ವಾರದಲ್ಲೇ ಖಾಲಿಯಾದವು. ವಾಷಿಂಗ್ಟನ್ ಕಲಿತ ಪಾಠ: ಕ್ಷಿಪಣಿ ಇನ್ನಷ್ಟು ಬೇಕು. ಆ ಇನ್ನಷ್ಟನ್ನು ಕಂಡ ಬೀಜಿಂಗ್ ತಾನೂ ಹೆಚ್ಚಿಸುತ್ತದೆ. ನ್ಯಾಟೋ ದೇಶಗಳು 2025ರ ಜೂನ್‌ನಲ್ಲಿ ಹೇಗ್‌ನಲ್ಲಿ ಸೇರಿ, 2035ರೊಳಗೆ ಜಿಡಿಪಿಯ ಶೇ 5ರಷ್ಟನ್ನು ರಕ್ಷಣೆಗೂ ಅದಕ್ಕೆ ಸಂಬಂಧಿಸಿದ ಕೆಲಸಗಳಿಗೂ ತೆಗೆದಿಡಲು ಒಪ್ಪಿದವು. ಮಾಸ್ಕೋ ಇದನ್ನು ಓದಿ ಸುಮ್ಮನೆ ಕೂರುತ್ತದೆಯೇ? ಒಬ್ಬರ ರಕ್ಷಣೆ ಇನ್ನೊಬ್ಬರಿಗೆ ಬೆದರಿಕೆಯಾಗಿ ಕಾಣುವವರೆಗೂ ಯಾವ ಮೊತ್ತವೂ ಸಾಲುವುದಿಲ್ಲ.

ನಂಬಿಕೆ ಹುಟ್ಟಿದ ಮೇಲೆ ಮಾತಾಡೋಣ ಎನ್ನಬೇಡಿ. 1963ರಲ್ಲಿ ವಾಷಿಂಗ್ಟನ್–ಮಾಸ್ಕೋ ನಡುವೆ ನೇರ ಸಂಪರ್ಕದ ತಂತಿ ಎಳೆದವರು ಹಿಂದಿನ ವರ್ಷ ಕ್ಯೂಬಾಕ್ಕಾಗಿ ಪರಸ್ಪರ ಸುಟ್ಟುಹಾಕಲು ತಯಾರಾಗಿದ್ದವರು. ಸಮುದ್ರದಲ್ಲಿ ಯುದ್ಧನೌಕೆಗಳು ಒಂದಕ್ಕೊಂದು ಎದುರಾದಾಗ ಹೇಗೆ ನಡೆದುಕೊಳ್ಳಬೇಕೆಂಬ ಒಪ್ಪಂದ 1972ರಲ್ಲಿ ಆದಾಗಲೂ ವೈರ ಹಾಗೇ ಇತ್ತು. 1986ರ ಸುಮಾರಿಗೆ ಜಗತ್ತಿನಲ್ಲಿ 70 ಸಾವಿರದಷ್ಟು ಅಣು ಸಿಡಿತಲೆಗಳಿದ್ದವು. ಇಂದು 12 ಸಾವಿರದ ಆಸುಪಾಸು. ಎದುರುಬದುರು ಕೂತು, ಎಣಿಸಿ, ತಪಾಸಣೆಗೆ ಬಾಗಿಲು ತೆರೆದು ಸಾಧಿಸಿದ್ದು ಇದು. ಆ ಸಾಲಿನ ಕೊನೆಯ ಒಪ್ಪಂದವಾದ ಹೊಸ ಸ್ಟಾರ್ಟ್ ಅಮೆರಿಕ, ರಷ್ಯಾಗಳ ನಿಯೋಜಿತ ಸಿಡಿತಲೆಗಳಿಗೆ ತಲಾ 1,550ರ ಮಿತಿ ಹಾಕಿತ್ತು. ಅದರ ಅವಧಿ 2026ರ ಫೆಬ್ರುವರಿ 5ಕ್ಕೆ ಮುಗಿಯಿತು. ಅದರ ಜಾಗದಲ್ಲಿ ಇನ್ನೊಂದು ಒಪ್ಪಂದವನ್ನು ಮೊದಲೇ ಸಿದ್ಧಪಡಿಸದೆ ಬಿಟ್ಟದ್ದು ಘೋರ ಅಪರಾಧವೆಂದೇ ನನ್ನ ಅಭಿಪ್ರಾಯ.

26ನೇ ವಿಧಿಯನ್ನು ಯಾರೂ ನೆನಪಿಸಿಲ್ಲವೆಂದಲ್ಲ. 1948ರಲ್ಲೇ ಸೇನೆಯನ್ನು ರದ್ದುಮಾಡಿದ ಪುಟ್ಟ ಕೋಸ್ಟರಿಕಾ 2008ರ ನವೆಂಬರ್‌ನಲ್ಲಿ ಮಂಡಳಿಯ ಅಧ್ಯಕ್ಷ ಸ್ಥಾನ ತನಗೆ ಬಂದಾಗ ಇದನ್ನೇ ಚರ್ಚೆಗೆ ತಂದಿತು. ಅಂದು ಪೀಠದಲ್ಲಿ ಕುಳಿತವರು ಆ ದೇಶದ ಅಧ್ಯಕ್ಷ ಆಸ್ಕರ್ ಅರಿಯಾಸ್. ಒಂದು ಹೇಳಿಕೆ ಹೊರಬಿತ್ತು, ಕಡತ ಮುಚ್ಚಿತು.

ಕಾಯಂ ಸ್ಥಾನ ಕೇಳುತ್ತಿರುವ ಭಾರತಕ್ಕೂ ನನ್ನದೊಂದು ಮಾತಿದೆ: ಆ ಕುರ್ಚಿ ಕೇಳುವಾಗ ಈ ಯೋಜನೆಯ ಕರಡನ್ನೂ ಕೈಯಲ್ಲಿ ಹಿಡಿದು ಹೋಗಲಿ.

ಮಂಡಳಿಯ ಅಧ್ಯಕ್ಷತೆ ತಿಂಗಳಿಗೊಬ್ಬರಂತೆ ಸರದಿಯಲ್ಲಿ ನಿಮಗೂ ಬರುತ್ತದೆ. ಮುಂದಿನ ಸರದಿ ಯಾರದೇ ಆಗಿರಲಿ, 26ನೇ ವಿಧಿಯನ್ನು ಕಾರ್ಯಸೂಚಿಗೆ ಸೇರಿಸಿ, ನಿಮ್ಮ ಸೇನಾ ಸಮಿತಿಗೆ ಗಡುವು ಕೊಟ್ಟು ಯೋಜನೆ ತರಿಸಿಕೊಳ್ಳಿ ಎಂದು ಕೈಮುಗಿದು ಕೇಳುತ್ತೇನೆ.

ಇಂತಿ,
ಕರ್ನಾಟಕದ ಒಬ್ಬ ಪ್ರಜೆ