ಹತ್ತರಲ್ಲಿ ಒಂಬತ್ತು

ನನ್ನ ಭಾವಮೈದ ಮಹಾ ಮೇಧಾವಿ ಎಂಬ ಸಂಗತಿ ನಮ್ಮ ಕುಟುಂಬಕ್ಕೆ ತಿಳಿದದ್ದು ಕಳೆದ ಭಾನುವಾರ ಬೆಳಗ್ಗೆ ಹತ್ತೂವರೆಗೆ. ಅದಕ್ಕಿಂತ ಮುಂಚೆ ತಿಳಿಯುವಂತಿರಲಿಲ್ಲ. ಅವನು ಎದ್ದದ್ದೇ ಹತ್ತೂಕಾಲಿಗೆ. ಹಲ್ಲುಜ್ಜುವ ಮೊದಲೇ ಮೊಬೈಲಿನಲ್ಲಿ ‘ಅತಿ ಬುದ್ಧಿವಂತರ ಹತ್ತು ಲಕ್ಷಣಗಳು’ ಓದಿ, ಬೆರಳು ಮಡಚಿ ಲೆಕ್ಕ ಹಾಕಿ, ಹಜಾರಕ್ಕೆ ಬಂದು ಘೋಷಿಸಿದ: “ಭಾವ, ಹತ್ತರಲ್ಲಿ ಒಂಬತ್ತು ನನಗಿದೆ!” ಎಸ್ಸೆಸ್ಸೆಲ್ಸಿಯಲ್ಲೂ ಅವನಿಗೆ ಇಷ್ಟು ಪರ್ಸೆಂಟ್ ಬಂದಿರಲಿಲ್ಲ. ಹತ್ತನೆಯದು ಯಾವುದಯ್ಯ ಎಂದೆ. ಅಲ್ಲಿಗೆ ತಲುಪುವಷ್ಟರಲ್ಲಿ ಜಾಹೀರಾತು ಬಂತಂತೆ.

ಕನ್ನಡದಲ್ಲಿ ಬುದ್ಧಿ ಎಂಬುದು ಕೊಂಚ ಅಪಾಯದ ಪದ. ಬುದ್ಧಿ ಹೇಳಿದರೆ ಬೈದಂತೆ, ಬುದ್ಧಿ ಕಲಿಸಿದರೆ ಬಾರಿಸಿದಂತೆ. “ನೀನೇನು ಭಾರಿ ಬುದ್ಧಿವಂತ ಬಿಡು” ಅಂದರೆ ಎದುರಿನವನು ಮುಖ ಊದಿಸಿಕೊಳ್ಳುತ್ತಾನೆ. ಹಳೇ ಮೈಸೂರು ಕಡೆ ಒಕ್ಕಲಿನವರು ಜಮೀನ್ದಾರನನ್ನು ಕೈಕಟ್ಟಿ ನಿಂತು ‘ಬುದ್ಧೀ’ ಅಂತಲೇ ಕರೆಯುತ್ತಿದ್ದರು. ಅವನಿಗೆ ಅದಿತ್ತೋ ಇಲ್ಲವೋ ಕೇಳುವ ಹಾಗಿರಲಿಲ್ಲ. ಭಾನುವಾರದಿಂದ ಭಾವಮೈದನ ಗತ್ತು ನೋಡಿದರೆ ಅವನೂ ಅದೇ ಸಂಬೋಧನೆಗೆ ಕಾಯುತ್ತಿದ್ದಾನೆ ಅನ್ನಿಸುತ್ತದೆ.

ಪಟ್ಟಿಯ ಮೊದಲ ಲಕ್ಷಣ, ಅಸ್ತವ್ಯಸ್ತ ಮೇಜು. ಇದಕ್ಕೆ ವೈಜ್ಞಾನಿಕ ಆಧಾರ ಇದೆ ಎಂದು ಅವನ ವಾದ. ಇದೆ, ಇಲ್ಲ ಅನ್ನಲಾರೆ. 2013ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಕ್ಯಾಥ್ಲೀನ್ ವೋಸ್ ಮತ್ತು ಸಂಗಡಿಗರು ಕೆಲವರನ್ನು ಓರಣವಾದ ಕೋಣೆಯಲ್ಲಿ, ಕೆಲವರನ್ನು ಹರಡಿಬಿದ್ದ ಕೋಣೆಯಲ್ಲಿ ಕೂರಿಸಿ, ಪಿಂಗ್‌ಪಾಂಗ್ ಚೆಂಡನ್ನು ಏನೇನಕ್ಕೆ ಬಳಸಬಹುದು ಎಂದು ಕೇಳಿದರು. ಎರಡೂ ಕಡೆಯವರು ಹೆಚ್ಚುಕಡಿಮೆ ಅಷ್ಟೇ ಉಪಾಯ ಹೇಳಿದರು. ಆದರೆ ಗಲೀಜು ಕೋಣೆಯವರವು ಹೆಚ್ಚು ಹೊಸತನದಿಂದ ಕೂಡಿದ್ದವು. ಅದೇ ಅಧ್ಯಯನದಲ್ಲಿ ಓರಣದ ಕೋಣೆಯವರು ದಾನಕ್ಕೆ ಹೆಚ್ಚು ದುಡ್ಡು ಬಿಚ್ಚಿದರು, ತಿನ್ನಲು ಚಾಕೊಲೇಟು ಬಿಟ್ಟು ಸೇಬು ಎತ್ತಿಕೊಂಡರು. ಈ ಭಾಗ ಭಾವಮೈದನ ಮೊಬೈಲಿಗೆ ಬಂದಿಲ್ಲ.

ಇನ್ನೂ ಒಂದು ಸೂಕ್ಷ್ಮ ಇದೆ. ಆ ಕೋಣೆಯನ್ನು ಗಲೀಜು ಮಾಡಿದ್ದು ಅಲ್ಲಿ ಕೂತವರಲ್ಲ, ಸಂಶೋಧಕರು. ಕೂತವರು ಬೇರೆಯವರು ಮಾಡಿದ ಕೊಳೆಯ ನಡುವೆ ಸುಮ್ಮನೆ ಕೂತಿದ್ದರು, ಅಷ್ಟೆ. ಈ ಲೆಕ್ಕಕ್ಕೆ ಭಾವಮೈದನ ಮೇಜಿನಿಂದ ಬುದ್ಧಿ ಚುರುಕಾಗಬೇಕಾದದ್ದು ಅವನಿಗಲ್ಲ, ಹನ್ನೆರಡು ವರ್ಷದಿಂದ ಆ ಮೇಜನ್ನು ನೋಡಿಕೊಂಡು ಬಂದಿರುವ ಅವನ ಹೆಂಡತಿಗೆ. ಆಗಿದೆ ಕೂಡ. ಆಕೆ ಈಗ ಆ ಕೋಣೆಯ ಬಾಗಿಲು ಹಾಕಿಕೊಂಡು ಓಡಾಡುತ್ತಾಳೆ.

ಅವನ ಬ್ರಹ್ಮಾಸ್ತ್ರ ಐನ್‌ಸ್ಟೈನ್. 1955ರ ಏಪ್ರಿಲ್ 18ರಂದು ಐನ್‌ಸ್ಟೈನ್ ತೀರಿಕೊಂಡ ದಿನ ರಾಲ್ಫ್ ಮೋರ್ಸ್ ಎಂಬ ಛಾಯಾಗ್ರಾಹಕ ಪ್ರಿನ್ಸ್‌ಟನ್ನಿನ ಅವರ ಕಚೇರಿಗೆ ಹೋಗಿ ಮೇಜಿನ ಚಿತ್ರ ತೆಗೆದ. ಕಾಗದ, ಪುಸ್ತಕ ಎಲ್ಲ ರಾಶಿ ರಾಶಿ. ಅಂದಿನಿಂದ ಜಗತ್ತಿನ ಸೋಮಾರಿಗಳಿಗೆಲ್ಲ ಅದೇ ಕುಲದೇವರ ಪಟ. ಒಬ್ಬ ಮನುಷ್ಯ ಜೀವಮಾನವಿಡೀ ಏನೇನು ಮಾಡಿದ ಎಂಬುದರಲ್ಲಿ ನಮ್ಮವರಿಗೆ ಅನುಕರಿಸಲು ಸಾಧ್ಯವೆನಿಸಿದ್ದು, ಅವನು ಎತ್ತಿಡದೆ ಹೋದದ್ದು ಮಾತ್ರ! ಅದೇ ಐನ್‌ಸ್ಟೈನ್ 1905ರಲ್ಲಿ ಸಾಪೇಕ್ಷತೆಯ ಪ್ರಬಂಧ ಬರೆದಾಗ ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಪೇಟೆಂಟ್ ಕಚೇರಿಯಲ್ಲಿ ನೌಕರ, ವಾರಕ್ಕೆ ಆರು ದಿನ ಡ್ಯೂಟಿ. ಆ ಆರು ದಿನ ಯಾವ ಪಟ್ಟಿಯಲ್ಲೂ ಇಲ್ಲ. ಭಾವಮೈದನ ಮೇಜಿನ ಮೇಲೆ ನಾನು ಖುದ್ದಾಗಿ ಕಂಡದ್ದು ಎರಡು ತಿಂಗಳ ಕರೆಂಟ್ ಬಿಲ್ಲು, ಒಂಟಿ ಕಾಲುಚೀಲ, ಖಾರಾಬಾತಿನ ಎಣ್ಣೆ ಹೀರಿಕೊಂಡ ಒಂದು ಮದುವೆ ಆಮಂತ್ರಣ. ಮದುವೆಯಾದವರಿಗೆ ಈಗ ಮಗು.

ಬೈಗುಳದ ಲಕ್ಷಣವೂ ಅವನಿಗೆ ಇದೆ. 2015ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ, ಒಂದು ನಿಮಿಷದಲ್ಲಿ ಹೆಚ್ಚು ಬೈಗುಳ ನೆನಪಿಸಿಕೊಂಡವರು ಪ್ರಾಣಿಗಳ ಹೆಸರನ್ನೂ ಹೆಚ್ಚು ನೆನಪಿಸಿಕೊಂಡರು. ಅಂದರೆ ಪದಸಂಪತ್ತು ಇದ್ದವರಿಗೆ ಎಲ್ಲ ಬಗೆಯ ಪದವೂ ಇತ್ತು. ನಮ್ಮವನಿಗೆ ಗೊತ್ತಿರುವುದು ಒಂದೇ ಬೈಗುಳ. ಅದನ್ನೇ ಸಿಲ್ಕ್ ಬೋರ್ಡಿನಿಂದ ಹೆಬ್ಬಾಳದವರೆಗೆ ಎಲ್ಲ ಸಿಗ್ನಲ್ಲಿಗೂ ಹಂಚುತ್ತಾನೆ.

ಇನ್ನು ಪಾಪ, ವಿಶ್ವೇಶ್ವರಯ್ಯನವರು. ಗಡಿಯಾರದಂಥ ದಿನಚರಿ, ಮಡಿಕೆ ಕೆಡದ ಕೋಟು, ತಲೆಗೆ ನೀಟಾದ ಪೇಟ, ನೂರರ ಮುಪ್ಪಿನಲ್ಲೂ ಅದೇ ಶಿಸ್ತು. ಐನ್‌ಸ್ಟೈನ್ ತೀರಿಕೊಂಡ ವರ್ಷವೇ ಇವರಿಗೆ ಭಾರತರತ್ನ ಕೊಟ್ಟರು. ಆಗ ಈ ಪಟ್ಟಿ ಇದ್ದಿದ್ದರೆ ಅರ್ಜಿಯೇ ತಿರಸ್ಕೃತವಾಗುತ್ತಿತ್ತು. ಕನ್ನಂಬಾಡಿ ಕಟ್ಟೆ ಕಟ್ಟಿದರೆ ಸಾಕೇ, ಕಾಲುಚೀಲ ಎಲ್ಲೆಂದರಲ್ಲಿ ಬಿಸಾಡುತ್ತಿದ್ದರೇ?

ಪಟ್ಟಿ ಬಿಡಿ, ಪಕ್ಕಾ ಅಳತೆಗೋಲು ಹಿಡಿದು ಹೊರಟವರೂ ಮುಗ್ಗರಿಸಿದ್ದಾರೆ. ಸ್ಟ್ಯಾನ್‌ಫರ್ಡಿನ ಲೂಯಿಸ್ ಟರ್ಮನ್ 1921ರಲ್ಲಿ ಕ್ಯಾಲಿಫೋರ್ನಿಯಾದ ಶಾಲೆಗಳನ್ನು ಜಾಲಾಡಿ, ಐಕ್ಯೂ ಅಳೆದು, ಸುಮಾರು ಒಂದೂವರೆ ಸಾವಿರ ಮಕ್ಕಳನ್ನು ಭಾವೀ ಮೇಧಾವಿಗಳೆಂದು ಆರಿಸಿದ. ಅಂಕ ಸಾಲದೆಂದು ಹೊರಗುಳಿದವರಲ್ಲಿ ವಿಲಿಯಂ ಶಾಕ್ಲಿ, ಲೂಯಿಸ್ ಆಲ್ವರೆಜ್ ಎಂಬ ಇಬ್ಬರು ಹುಡುಗರಿದ್ದರು. ಮೊದಲನೆಯವನಿಗೆ 1956ರಲ್ಲಿ, ಎರಡನೆಯವನಿಗೆ 1968ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಆರಿಸಿಕೊಂಡವರಲ್ಲಿ ಒಬ್ಬರಿಗೂ ಬರಲಿಲ್ಲ. ತಮಾಷೆ ನೋಡಿ, 1905ರಲ್ಲಿ ಪ್ಯಾರಿಸ್ಸಿನ ಆಲ್ಫ್ರೆಡ್ ಬಿನೆ ಇಂಥ ಪರೀಕ್ಷೆಯ ಮೂಲರೂಪ ಮಾಡಿದ್ದು ಕಲಿಕೆಯಲ್ಲಿ ನೆರವು ಬೇಕಾದ ಮಕ್ಕಳನ್ನು ಗುರುತಿಸಲಿಕ್ಕೆ. ಈಗ ಅದನ್ನು ತೆಗೆದುಕೊಂಡು ಪಾಸಾದವರು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಾರೆ.

ನನಗೆ ನಿಜವಾಗಿ ಸೋಜಿಗವಾದದ್ದು ಇದ್ಯಾವುದೂ ಅಲ್ಲ. ಭಾವಮೈದನಿಗೆ ಆರನೇ ಕ್ಲಾಸಿನಲ್ಲಿ ಓದುವ ಮಗನಿದ್ದಾನೆ, ಪುಟ್ಟ. ಅಪ್ಪನ ಒಂಬತ್ತೂ ಲಕ್ಷಣ ಅವನಲ್ಲಿ ಇಳಿದಿವೆ. ಆದರೆ ಅಪ್ಪನಲ್ಲಿ ಸೃಜನಶೀಲತೆ ಅನ್ನಿಸಿಕೊಂಡದ್ದು ಮಗನಲ್ಲಿ ಕೊಳಕುತನ. ಅಪ್ಪ ತಡವಾಗಿ ಎದ್ದರೆ ನಿಶಾಚರ ಪ್ರತಿಭೆ, ಮಗ ಎದ್ದರೆ ಕುಂಭಕರ್ಣ. ಅಪ್ಪ ಒಬ್ಬನೇ ಮಾತಾಡಿಕೊಂಡರೆ ಚಿಂತನೆ. ಮಗ ಮಾತಾಡಿಕೊಂಡದ್ದಕ್ಕೆ ಶಾಲೆಯಿಂದ ಡೈರಿಯಲ್ಲಿ ಬರೆದು ಕಳಿಸಿದ್ದಾರೆ, ಅಪ್ಪ ಸಹಿ ಹಾಕಿ ಒಂದು ಏಟೂ ಕೊಟ್ಟಿದ್ದಾನೆ. ಐದು ಗಂಟೆಗೆ ಅವನನ್ನು ಎಬ್ಬಿಸಿ ಅಬ್ಯಾಕಸ್ ಮಣಿ ಎಣಿಸಲು ಕೂರಿಸುತ್ತಾರೆ. ಎಬ್ಬಿಸುವುದು ಅಪ್ಪನಲ್ಲ, ಅಲಾರಂ.

ನಮ್ಮ ಅತ್ತೆ ಸಾಗರದ ಕಡೆಯವರು. ಅವರ ಪಾಲಿಗೆ ಹಿತ್ತಲ ಗಿಡವೇ ಮದ್ದು. ಹುಟ್ಟಿದ ಕೂಸಿಗೆ ಬಜೆ ತೇಯ್ದು ನೆಕ್ಕಿಸಿದ್ದರು, ಈಗ ವಾರಕ್ಕೆರಡು ಸಲ ಒಂದೆಲಗದ ತಂಬುಳಿ. ಬುದ್ಧಿ ಬರುತ್ತದೋ ಗೊತ್ತಿಲ್ಲ, ಅನ್ನಕ್ಕೆ ಬಲು ರುಚಿ. ನಾನಂತೂ ಎರಡು ಸಲ ಹಾಕಿಸಿಕೊಳ್ಳುತ್ತೇನೆ. ಭಾವಮೈದನಿಗೆ ಅಷ್ಟು ಅಗ್ಗದ ಬುದ್ಧಿ ಒಪ್ಪಿಗೆಯಾಗಲಿಲ್ಲ. ಎರಡು ವರ್ಷದ ಹಿಂದೆ ಮಗನನ್ನು ‘ಮಿಡ್‌ಬ್ರೈನ್ ಆಕ್ಟಿವೇಶನ್’ ಎಂಬ ತರಗತಿಗೆ ಸೇರಿಸಿದ್ದ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಪುಸ್ತಕ ಓದುವ ವಿದ್ಯೆ. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕರು ಇದರ ಗುಟ್ಟನ್ನು ಊರೂರಲ್ಲಿ ಬಯಲು ಮಾಡುತ್ತ ಬಂದಿದ್ದಾರೆ. ಆದರೂ ಕೊನೆಯ ದಿನದ ಪ್ರದರ್ಶನದಲ್ಲಿ ಪುಟ್ಟ ಪಟ್ಟಿ ಕಟ್ಟಿಕೊಂಡು ಒಂದಿಡೀ ಪುಟ ಓದಿದಾಗ ಅಪ್ಪನ ಕಣ್ಣಲ್ಲಿ ನೀರು.

ಮೊನ್ನೆ ಭಾನುವಾರ ಅಪ್ಪ ಸ್ನಾನಕ್ಕೆ ಹೋದಾಗ ಪುಟ್ಟನನ್ನು ಪಕ್ಕಕ್ಕೆ ಕರೆದು ಕೇಳಿದೆ, “ಅವತ್ತು ಹೇಗೆ ಓದಿದೆಯೋ?”

“ಮೂಗಿನ ಪಕ್ಕ ಸಂದಿ ಇರುತ್ತೆ ಮಾವ. ತಲೆ ಸ್ವಲ್ಪ ಮೇಲೆತ್ತಿದ್ರೆ ಕಾಣುತ್ತೆ.”

“ಯಾರು ಹೇಳಿಕೊಟ್ಟರು?”

“ಯಾರೂ ಇಲ್ಲ. ಮೊದಲನೇ ದಿನಾನೇ ಗೊತ್ತಾಯ್ತು.”

“ಮತ್ತೆ ಅಪ್ಪನಿಗೆ ಯಾಕೆ ಹೇಳಲಿಲ್ಲ?”

ಪುಟ್ಟ ಬಚ್ಚಲಮನೆ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ: “ಹದಿನೈದು ಸಾವಿರ ಕಟ್ಟಿದ್ರು ಮಾವ. ಬೇಜಾರು ಮಾಡ್ಕೋತಿದ್ರು.”