ಯೆಜ್ಡಿ ಟಾಕಿ ಮೀಮಾಂಸೆ

ಯಾವ ಶಾಸ್ತ್ರವಾದರೂ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳಿಕೊಳ್ಳಬೇಕೆಂಬುದು ಹಿರಿಯರ ಕಟ್ಟಳೆ. ಪ್ರಕೃತ ಶಾಸ್ತ್ರದ ವಿಷಯ, ಹಳೇ ಯೆಜ್ಡಿ ಗಾಡಿಯ ಪೆಟ್ರೋಲ್ ಟಾಕಿಯನ್ನು ಇಳಿಸಿ ಮತ್ತೆ ಏರಿಸುವುದು. ಪ್ರಯೋಜನ, ಪೆಟ್ರೋಲು ಎಂಜಿನ್ನಿಗೆ ಹೋಗುವುದು, ಧೋತರಕ್ಕೆ ಹೋಗದಿರುವುದು. ಸಂಬಂಧ, ಟಾಕಿಗೂ ಸವಾರನ ತೊಡೆಗೂ ಇರುವಂಥದ್ದು. ಅಧಿಕಾರಿಗಳು ಇಬ್ಬರು: ಪಾನಾ ಹಿಡಿದವನು, ಮತ್ತು ಪಾನಾ ಹಿಡಿದವನಿಗೆ ಬುದ್ಧಿ ಹೇಳುವವನು. ಮೊದಲನೆಯವನಿಗೆ ದೀಕ್ಷೆ ಬೇಕು. ಎರಡನೆಯವನಿಗೆ ಕೂಡಲು ಒಂದು ಕಟ್ಟೆ ಸಾಕು.

ಕ್ಷೇತ್ರ ಯಳವತ್ತಿ, ಲಕ್ಷ್ಮೇಶ್ವರ ಸೀಮೆಯ ಊರು. ಲಕ್ಷ್ಮೇಶ್ವರವೆಂದರೆ ಹಳೆಯ ಪುಲಿಗೆರೆ. ಕನ್ನಡದ ತಿರುಳು ಎಲ್ಲಿದೆಯೆಂದು ತೋರಿಸಲು ಕವಿರಾಜಮಾರ್ಗ ಹೆಸರಿಸಿದ ನಾಲ್ಕು ಊರುಗಳಲ್ಲಿ ಒಂದು. ಹೀಗಾಗಿ ಇಲ್ಲಿನ ಮಿಸ್ತ್ರಿಯ ಮಾತನ್ನು ಪ್ರಮಾಣವೆಂದು ಒಪ್ಪಲು ಒಂಬತ್ತನೆಯ ಶತಮಾನದಲ್ಲೇ ಪರವಾನಿಗೆ ಸಿಕ್ಕಿದೆ ಎಂದು ಈ ಲೇಖಕನ ಮತ.

ಇನ್ನು ಯಂತ್ರದ ಕುಲಗೋತ್ರ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ ಎಂದು ಹುಟ್ಟಿ, 1970ರ ದಶಕದಲ್ಲಿ ಯೆಜ್ಡಿ ಎಂದು ಪುನರ್ನಾಮಕರಣಗೊಂಡು, 1996ರಲ್ಲಿ ಕಾರ್ಖಾನೆ ಮುಚ್ಚಿದ ಮೇಲೂ ಸಾಯಲೊಪ್ಪದ ವಂಶ ಇದು. ಎರಡು ಸೈಲೆನ್ಸರು, ಒಂದೇ ಲಿವರು. ಆ ಲಿವರನ್ನು ಒಳಕ್ಕೊತ್ತಿ ಮೇಲೆತ್ತಿದರೆ ಕಿಕ್ಕು, ಮುಂದಕ್ಕೆ ಮಲಗಿಸಿದರೆ ಗೇರು.

ಪರದೇಶದ ಪಂಡಿತರು ಇದನ್ನು ಓದಿ, ನಮ್ಮಲ್ಲಿಯೂ ಇಂಥ ಶಾಸ್ತ್ರವುಂಟು ಎಂದು ಎದ್ದು ನಿಲ್ಲುವುದನ್ನು ಬಲ್ಲೆವು. ಅಮೆರಿಕದ 1964ರ ಪಾಂಟಿಯಾಕ್ ಜಿಟಿಒ ಕಾರಿನ ಎಂಜಿನ್ನು ಸುಮಾರು 6.4 ಲೀಟರು, ನಮ್ಮ 250 ಸಿಸಿ ಯೆಜ್ಡಿಗಳು ಇಪ್ಪತ್ತೈದು ಕೂಡಿದರೂ ಅದಕ್ಕೆ ಚೂರು ಕಡಿಮೆಯೇ. ಅದರ ಟ್ಯಾಂಕು ಡಿಕ್ಕಿಯ ಕೆಳಗೆ ಎರಡು ಪಟ್ಟಿಗಳ ಮೇಲೆ ತೂಗುತ್ತದೆ. ಬಿಚ್ಚುವವನು ಅಂಗಾತ ಮಲಗಿ ತುಕ್ಕಿನ ಪುಡಿಯನ್ನು ಕಣ್ಣಿಗೆ ಬೀಳಿಸಿಕೊಳ್ಳಬೇಕು. ಅದೇ ವರ್ಷ ಬಂದ ಫೋರ್ಡ್ ಮಸ್ಟಾಂಗಿನಲ್ಲಂತೂ ಟ್ಯಾಂಕಿನ ನೆತ್ತಿಯೇ ಡಿಕ್ಕಿಯ ನೆಲ. ಯಳವತ್ತಿಯ ಸವಾರ ಟಾಕಿಯನ್ನು ಕಣ್ಣೆದುರಿಗೇ, ಮೊಣಕಾಲುಗಳ ನಡುವೆ ಹಿಡಿದು ಸಾಗುತ್ತಾನೆ. ಸೋರಿದರೆ ಮೊದಲು ಗೊತ್ತಾಗುವುದು ಅವನ ಚರ್ಮಕ್ಕೆ. ಪ್ರತ್ಯಕ್ಷ ಪ್ರಮಾಣವೆಂದರೆ ಇದು. ಡಿಕ್ಕಿಯವರದು ಬರೀ ಅನುಮಾನ.

ಇಳಿಸುವ ವಿಧಿಯಲ್ಲಿ ಮತಭೇದವಿಲ್ಲ. ಕಾಕ್ ಮುಚ್ಚು, ಪೈಪು ಕೀಳು, ಸೀಟು ತೆಗೆ, ಬೋಲ್ಟು ಬಿಚ್ಚು, ಎತ್ತು. ಮೊದಲೇ ಪೆಟ್ರೋಲು ಬಸಿದುಕೊಂಡಿದ್ದರೆ ಹತ್ತು ನಿಮಿಷದ ಕೆಲಸ. ಮತಭೇದ ಹುಟ್ಟುವುದು ತೂತು ಕಂಡ ಮೇಲೆ.

ಸಾಬೂನು ಪಂಥದವರು ಬಟ್ಟೆ ಸಾಬೂನಿನ ತುಂಡನ್ನು ತೂತಿಗೆ ತಿಕ್ಕುತ್ತಾರೆ. ಸಾಬೂನು ಪೆಟ್ರೋಲಿನಲ್ಲಿ ಕರಗುವುದಿಲ್ಲವಾದ್ದರಿಂದ ಲಕ್ಷ್ಮೇಶ್ವರ ಮುಟ್ಟುವ ತನಕ ಈ ಮತ ಸತ್ಯ. ಮಳೆ ಬಂದರೆ ಮಾತ್ರ ಖಂಡನೆಯಾಗುತ್ತದೆ. ಎಂ-ಸೀಲ್ ಪಂಥದವರದು ಇನ್ನಷ್ಟು ಗಟ್ಟಿ ಭಕ್ತಿ. ಮೂರನೆಯದು ಬೆಲ್ಡಿಂಗ್ ಪಂಥ, ಪ್ರಾಣಾಪಾಯವಿರುವುದು ಇದರಲ್ಲಿಯೇ. ಕಟ್ಟೆಯ ಮೇಲಿನ ಪೂರ್ವಪಕ್ಷ ಹೀಗೆ: "ಏ ತಮ್ಮಾ, ಟಾಕಿ ಖಾಲಿ ಐತಲ್ಲೋ, ಹಚ್ಚು ಬೆಲ್ಡಿಂಗ್." ಇದಕ್ಕೆ ಮಿಸ್ತ್ರಿಯ ಉತ್ತರ ಸೂತ್ರಪ್ರಾಯ: "ಕಾಕಾ, ತುಂಬಿದ್ದು ಉರೀತೈತ್ರಿ, ಖಾಲಿದು ಹಾರತೈತಿ." ವ್ಯಾಖ್ಯಾನ: ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಟಾಕಿ ಬರಿದಾದರೂ ಅದು ಒಳಗೇ ಕೂತಿರುತ್ತದೆ. ಗಾಳಿಯೊಂದಿಗೆ ತಕ್ಕ ಪ್ರಮಾಣದಲ್ಲಿ ಬೆರೆತಾಗ ಕಿಡಿಯೊಂದೇ ಬಾಕಿ. ಆದ್ದರಿಂದ ಸಾಬೂನು ನೀರಿನಲ್ಲಿ ಮತ್ತೆ ಮತ್ತೆ ತೊಳೆದು, ತೂತಿನ ಹತ್ತಿರದವರೆಗೂ ನೀರು ತುಂಬಿ, ಮುಚ್ಚಳ ತೆರೆದಿಟ್ಟು ಅನುಭವಸ್ಥನ ಕೈಗೇ ಕೊಡಬೇಕು. ಈ ಒಂದು ವಾಕ್ಯದಲ್ಲಿ ಅಣಕವಿಲ್ಲ.

ತೂತು ಏಕಾಯಿತು ಎಂಬುದೇ ಈ ಶಾಸ್ತ್ರದ ಜೀವಾಳ. ಮಿಸ್ತ್ರಿ ಟಾಕಿಯನ್ನು ಬೋರಲು ಹಾಕಿ, ಬೆರಳಿಂದ ಬಿರುಕು ಸವರಿ, "ಸರ, ಟಾಕಿ ಸೋರಾಕತ್ತಿಲ್ರಿ, ಹಿಂದಿನ ಮಿಸ್ತ್ರಿ ಸೋರಾಕತ್ತಾನ" ಎಂದ. ಇದು ಶುದ್ಧ ಕರ್ಮಸಿದ್ಧಾಂತ. ಟಾಕಿಗೂ ಚಾಸಿಗೂ ನಡುವೆ ರಬ್ಬರ್ ಇರಬೇಕು. ಅದಿಲ್ಲದಿದ್ದರೆ ಟೂ-ಸ್ಟ್ರೋಕ್ ಎಂಜಿನ್ನಿನ ನಡುಕವೆಲ್ಲ ನೇರ ತಗಡಿಗೆ ತಾಗಿ, ಬೋಲ್ಟಿನ ಬದಿಯಲ್ಲೇ ಕೂದಲೆಳೆಯ ಬಿರುಕು ಬಿಡುತ್ತದೆ. ಹಿಂದಿನ ಜನ್ಮದಲ್ಲಿ ಬಿಟ್ಟ ರಬ್ಬರು ಈ ಜನ್ಮದ ಸೋರಿಕೆ: ಪ್ರಾರಬ್ಧ. ತಳದಲ್ಲಿ ಕೂತ ತುಕ್ಕು ಸಂಚಿತ. ಒಂದು ಹಿಡಿ ನಟ್ಟುಗಳನ್ನು ಒಳಗೆ ಹಾಕಿ ಇಬ್ಬರು ಹಿಡಿದು ಕುಲುಕಿದರೆ ಹುಣಸೆ ರಸದಂತೆ ಕೆಂಪಗೆ ಸುರಿಯುತ್ತದೆ. ಟಾಕಿ ಏರಿಸಿದ ಮೇಲೆ ಅಂಗೈಯಲ್ಲಿ ಉಳಿದ ಒಂದು ರಬ್ಬರು, ಎರಡು ವೈಸರ್ ಆಗಾಮಿ. "ಕಂಪನಿಯವ್ರು ಜಾಸ್ತೀನ ಹಾಕಿರ್ತಾರ್ರಿ" ಎಂದು ಅವನ್ನು ಜೇಬಿಗಿಳಿಸುವಾಗ ಮುಂದಿನ ಜನ್ಮ ನಿಶ್ಚಯವಾಗುತ್ತದೆ.

ತುಕ್ಕಿಗೆ ಮೂಲ ನೀರು. ಯೆಜ್ಡಿಯ ಟಾಕಿಯಲ್ಲಿ ಪೆಟ್ರೋಲಿಗೆ ಎಣ್ಣೆ ಬೆರೆಸುತ್ತಾರೆ. ಬೆರೆತ ಮೇಲೆ ಎರಡಿಲ್ಲ, ಅದ್ವೈತ. ಪೆಟ್ರೋಲಿಗೆ ನೀರು ಬೆರೆಯುವುದಿಲ್ಲ, ಭಾರವಾದದ್ದು ತಳಕ್ಕಿಳಿಯುತ್ತದೆ, ದ್ವೈತ. ನಮ್ಮ ಪೆಟ್ರೋಲಿನಲ್ಲಿ 2025ರ ಹೊತ್ತಿಗೆ ಶೇ. 20ಕ್ಕೆ ಮುಟ್ಟಿದ ಎಥೆನಾಲ್ ಮಾತ್ರ ಎರಡು ಮಠಕ್ಕೂ ನಡೆದುಕೊಳ್ಳುವ ಆಸಾಮಿ: ಪೆಟ್ರೋಲಿನೊಳಗಿದ್ದುಕೊಂಡೇ ಗಾಳಿಯ ತೇವವನ್ನು ಹೀರುತ್ತದೆ, ನೀರು ಮಿತಿ ಮೀರಿದಾಗ ಅದರ ಕೈಹಿಡಿದು ತಳ ಸೇರುತ್ತದೆ. ವರ್ಷಗಟ್ಟಲೆ ಅರ್ಧ ಟಾಕಿಯಲ್ಲಿ ನಿಂತ ಗಾಡಿಗೆ ಇದಕ್ಕಿಂತ ಕೆಟ್ಟ ಸಹವಾಸ ಬೇರೆಯಿಲ್ಲ.

ಒಂದು ಉಪಾಖ್ಯಾನ. ಹೊಸ ಬಣ್ಣ ಹೊಡೆದ ಟಾಕಿ ಏರಿಸಿದ ಗಾಡಿ ಸ್ವಲ್ಪ ದೂರ ಹೋಗಿ ನಿಲ್ಲುತ್ತದೆ. ಮುಚ್ಚಳ ತೆಗೆದರೆ ನಡೆಯುತ್ತದೆ, ಹಾಕಿದರೆ ಮತ್ತೆ ನಿಲ್ಲುತ್ತದೆ. ಗಾಳಿ ಸೋಕಿದೆಯೆಂದು ನಿಂಬೆಹಣ್ಣು ತರುವವರುಂಟು. ರೋಗ ಅದರ ವಿರುದ್ಧದ್ದು, ಗಾಳಿ ಸೋಕಿಲ್ಲ: ಮುಚ್ಚಳದ ಸೂಜಿತೂತು ಬಣ್ಣದಿಂದ ಮುಚ್ಚಿದೆ. ನಿಂಬೆಹಣ್ಣಿಗೆ ಚುಚ್ಚಲು ತಂದ ಸೂಜಿಯನ್ನೇ ಅಲ್ಲಿಗೆ ಚುಚ್ಚಿದರಾಯಿತು.

ಈ ಗ್ರಂಥದ ಮೇಲೆ ಆಕ್ಷೇಪವಿರುವವರು ವಾದಕ್ಕೆ ಬರಬಹುದು. ಬರುವಾಗ ಬೀಡಿಯನ್ನು ಆಚೆಯೇ ಆರಿಸಿ, ಜೇಬಿನಲ್ಲಿರುವ ಆ ರಬ್ಬರನ್ನೂ ತರಬೇಕಾಗಿ ವಿನಂತಿ.