ಪ್ಲಾಸ್ಟಿಕೇಷ್ಟಿಕಾ ವಿಮಾನಶಾಸ್ತ್ರ (ಭಾಷ್ಯಸಹಿತ)

ಉಪೋದ್ಘಾತ

ವಿಮಾನಶಾಸ್ತ್ರ ಕನ್ನಡನಾಡಿಗೆ ಹೊಸದಲ್ಲ. ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು 1918ರಿಂದ 1923ರವರೆಗೆ ಬಾಯಲ್ಲಿ ಹೇಳಿ ಬರೆಸಿದ 'ವೈಮಾನಿಕ ಶಾಸ್ತ್ರ' ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ನಾಲ್ಕು ವಿಮಾನಗಳನ್ನು ನಕ್ಷೆಸಮೇತ ವರ್ಣಿಸುತ್ತದೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು ಅವನ್ನು ಪರಿಶೀಲಿಸಿ, ಒಂದೂ ಹಾರಲಾರದೆಂದು ತೀರ್ಪಿತ್ತರು. ಹಾರದ ವಿಮಾನಗಳ ಆ ಭವ್ಯ ಪರಂಪರೆಯನ್ನು ಇಂದು ಉಳಿಸಿಕೊಂಡು ಬಂದಿರುವವರು ಲೆಗೊ ಇಟ್ಟಿಗೆಗಳಲ್ಲಿ ವಿಮಾನ ಕಟ್ಟುವವರು. ಅವರಿಗೊಂದು ಲಕ್ಷಣಗ್ರಂಥವಿಲ್ಲ ಎಂಬ ಕೊರತೆಯನ್ನು ಈ ಕಿರುಕೃತಿ ನೀಗುತ್ತದೆ.

ದ್ರವ್ಯಾಧಿಕರಣ

ಸೂತ್ರ: ಐದು ಮಲಗಿದರೆ ಎರಡು.

ಭಾಷ್ಯ: ಇಟ್ಟಿಗೆಯ ಮೂಲಕ್ಷೇತ್ರ ಡೆನ್ಮಾರ್ಕಿನ ಬಿಲ್ಲುಂಡ್. ಲೆಗೊ ಸಂಸ್ಥೆಯ ಮೂಲಪುರುಷ ಓಲೆ ಕಿರ್ಕ್ ಕ್ರಿಸ್ಟಿಯಾನ್ಸೆನ್ ಎಂಬ ಬಡಗಿ. ಒಂದಕ್ಕೊಂದು ಕಚ್ಚಿ ಕೂರುವ ಇಂದಿನ ಇಟ್ಟಿಗೆಗೆ ಪೇಟೆಂಟ್ ಅರ್ಜಿ ಬಿದ್ದದ್ದು 1958ರಲ್ಲಿ. ಇಟ್ಟಿಗೆಯ ನೆತ್ತಿಯ ಮೇಲಿನ ಗುಬುಟಿನಿಂದ ಗುಬುಟಿಗೆ 8 ಮಿ.ಮೀ., ತೆಳು ಪ್ಲೇಟಿನ ದಪ್ಪ 3.2 ಮಿ.ಮೀ. ಆದ್ದರಿಂದ ಐದು ಪ್ಲೇಟುಗಳ ದಪ್ಪ ಎರಡು ಗುಬುಟುಗಳ ಅಗಲಕ್ಕೆ ಸರಿಸಮ. ಈ ರಹಸ್ಯ ಬಲ್ಲವನು ಪ್ಲೇಟನ್ನು ಪಕ್ಕಕ್ಕೆ ತಿರುಗಿಸಿಯೂ ಕೂಡಿಸಬಲ್ಲ; ಅವನೇ ಪಂಡಿತ. ಗುಬುಟು ಸದಾ ಮೇಲೆಯೇ ಇರತಕ್ಕದ್ದು ಎನ್ನುವವರು ಸಂಪ್ರದಾಯಸ್ಥರು. ಉಭಯ ಪಂಗಡಗಳ ನಡುವೆ ಊಟೋಪಚಾರಕ್ಕೆ ಅಡ್ಡಿಯಿಲ್ಲ.

ಸಂಖ್ಯಾಧಿಕರಣ

ಸೂತ್ರ: ಎಣಿಸಿದವನಿಗೆ ಮುಗಿಯದು, ಕಟ್ಟಿದವನಿಗೆ ಸಾಲದು.

ಭಾಷ್ಯ: ಎಂಟು ಗುಬುಟಿನ, ಒಂದೇ ಬಣ್ಣದ ಆರು ಇಟ್ಟಿಗೆಗಳನ್ನು 91,51,03,765 ಬಗೆಯಲ್ಲಿ ಜೋಡಿಸಬಹುದೆಂದು ಗಣಿತಜ್ಞರು ಕಂಪ್ಯೂಟರಿನಿಂದ ಲೆಕ್ಕ ಹಾಕಿದ್ದಾರೆ. ಇವುಗಳಲ್ಲಿ ವಿಮಾನ ಎಷ್ಟು ಎಂಬುದನ್ನು ಮಾತ್ರ ಅವರು ಹೇಳಲಿಲ್ಲ. ಆರು ವರ್ಷದೊಳಗಿನ ಆಚಾರ್ಯರೆಲ್ಲರ ಮತದಲ್ಲಿ, ಅಷ್ಟೂ.

ಅಂಗಾಧಿಕರಣ

ಸೂತ್ರ: ಆಸನ ಒಂದು, ತೋಪು ಹನ್ನೆರಡು.

ಭಾಷ್ಯ: ಚಾಲಕನು 1978ರಲ್ಲಿ ಅವತರಿಸಿದ ಹಳದಿ ಮುಖದ ಗೊಂಬೆ. ಶಿರಸ್ತ್ರಾಣ ತೊಡಬೇಕಾದರೆ ಅವನು ಮೊದಲು ಕೂದಲನ್ನೇ ಕಳಚಿಡಬೇಕು. ಪ್ರೊಪೆಲ್ಲರ್ ಹಿಂದಿದ್ದರೆ ಉತ್ತಮ, ಮುಂದಿದ್ದರೆ ಮಧ್ಯಮ, ಡಬ್ಬಿಯಲ್ಲೇ ಉಳಿದಿದ್ದರೆ ಅಧಮ. ಎಡರೆಕ್ಕೆಯ ತುದಿಗೆ ಕೆಂಪು ದೀಪ, ಬಲಕ್ಕೆ ಹಸಿರು. ನಿಜವಾದ ವಿಮಾನಗಳಿಗೂ ಇದೇ ನಿಯಮ; ಹಾರುವುದಿಲ್ಲವೆಂದು ಶಿಸ್ತು ಬಿಡಲಾಗದು. ಬಲರೆಕ್ಕೆ ಮುಗಿಯುವ ಹೊತ್ತಿಗೆ ಎಡರೆಕ್ಕೆಗೆ ಬೇಕಾದ ಬಣ್ಣ ಖಾಲಿಯಾಗಿರುತ್ತದೆ. ಇದನ್ನು ವರ್ಣಸಂಕರವೆಂದು ಹಳಿಯುವವರು ಎಂದೂ ಚಿಕ್ಕ ಡಬ್ಬಿ ಕೊಂಡವರಲ್ಲ.

ಪೂರ್ವಪಕ್ಷ

ಆಕ್ಷೇಪಿಸುವವರು ಹೇಳುತ್ತಾರೆ: ರೆಕ್ಕೆ ಚಪ್ಪಟೆ, ಅದರ ಮೇಲೆ ಗಾಳಿಗೆ ಅಡ್ಡಲಾಗಿ ಗುಬುಟಿನ ಸಾಲು, ಎಬಿಎಸ್ ಪ್ಲಾಸ್ಟಿಕ್ಕೋ ನೀರಿಗಿಂತಲೂ ಭಾರ. ಮಹಡಿಯಿಂದ ಬಿಟ್ಟರೆ ಇದು ಹೋಗುವುದು ಒಂದೇ ದಿಕ್ಕಿಗೆ. ಹೀಗಿರುವಾಗ ಇದು ವಿಮಾನ ಹೇಗಾದೀತು?

ಸಿದ್ಧಾಂತ

ಆಕ್ಷೇಪ ಎಂಜಿನನ್ನು ಹುಡುಕಬಾರದ ಕಡೆ ಹುಡುಕಿದೆ. ಎಂಜಿನ್ ಇರುವುದು ಹಿಡಿದವನ ಗಂಟಲಿನಲ್ಲಿ. ಒಂದೇ ಕೈಯಲ್ಲಿ ಎತ್ತಿ, 'ಝುಂಯ್' ಎನ್ನುತ್ತ ನಡುಮನೆಯನ್ನು ಸುತ್ತಿ ಬಂದಾಗ ಏನೂ ಉದುರದಿದ್ದರೆ ಅದು ವಿಮಾನ. ಇದಕ್ಕೆ ಝುಂಕಾರ ಪ್ರಮಾಣವೆಂದು ಹೆಸರು. ಗಡ್ಡ ನರೆತ ಕಟ್ಟುಗರೂ ಬಾಗಿಲು ಹಾಕಿಕೊಂಡು ಈ ಪರೀಕ್ಷೆ ನಡೆಸುತ್ತಾರೆಂಬುದು ಲೋಕವಿದಿತ.

ಇನ್ನು, ಇಟ್ಟಿಗೆಗೂ ಆಕಾಶಕ್ಕೂ ಏನು ಸಂಬಂಧ ಎಂಬ ಶಂಕೆ. ಊರಿನ ಬಳಿ ವಿಮಾನ ಇಳಿಯಲು ಜಾಗವಿಲ್ಲವೆಂದು ಲೆಗೊ ಸಂಸ್ಥೆ 1960ರ ದಶಕದ ಆರಂಭದಲ್ಲಿ ತಾನೇ ಒಂದು ಓಡುದಾರಿ ಹಾಕಿಸಿತು. ಅದೇ 1964ರಲ್ಲಿ ಸಾರ್ವಜನಿಕ ಬಿಲ್ಲುಂಡ್ ವಿಮಾನ ನಿಲ್ದಾಣವಾಯಿತು. ವಿಮಾನವಷ್ಟೇ ಅಲ್ಲ, ನಿಲ್ದಾಣವೇ ಹುಟ್ಟಿದ್ದು ಈ ಆಟಿಕೆಯಿಂದ. ಇಷ್ಟು ದೃಷ್ಟಾಂತ ಬೇರೆ ಯಾವ ಶಾಸ್ತ್ರಕ್ಕೂ ಒದಗಿಲ್ಲ.

ಆನೇಕಲ್ಲಿನ ಶಾಸ್ತ್ರಿಗಳು ಹಾರುವುದೆಂದು ಬರೆಸಿದ್ದು ಹಾರಲಿಲ್ಲ. ನಾವು ಹಾರದೆಂದು ಬರೆದದ್ದು ದಿನವೂ ಸೋಫಾದಿಂದ ಊಟದ ಮೇಜಿನವರೆಗೆ ಹೋಗಿ ಬರುತ್ತಿದೆ. ಆದ್ದರಿಂದ ನಮ್ಮ ಶಾಸ್ತ್ರವೇ ಪ್ರಮಾಣ.

ಫಲಶ್ರುತಿ

ಇದನ್ನು ನಿತ್ಯ ಪಠಿಸುವವರಿಗೆ ಪುಷ್ಪಕ ವಿಮಾನ ಸಿಗುವುದಿಲ್ಲ. ಮಂಚದ ಕೆಳಗೆ ಸೇರಿಹೋದ ಒಂದು ಗುಬುಟಿನ ಹಸಿರು ದೀಪ ಸಿಕ್ಕರೂ ಸಿಕ್ಕೀತು. ಓದುಗರು ಕಸ ಗುಡಿಸುವ ಮುನ್ನ ಒಮ್ಮೆ ಬಗ್ಗಿ ನೋಡಬೇಕಾಗಿ ವಿನಂತಿ.